ವ್ಯಾಧಿಗ್ರಸ್ತ ಶ್ವಾನದ ಭೋಜನ ನಿರಾಕರಣೆ: ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳನ್ನು ಅನುಲಕ್ಷಿಸಿ ಒಂದು ಬಹುಶಿಸ್ತೀಯ ಅಧ್ಯಯನ

1. ಪ್ರಸ್ತಾವನೆ

ನಾಯಿ ಒಂದು ಸಾಕುಪ್ರಾಣಿ. ಅದಕ್ಕೆ ನಾಲ್ಕು ಕಾಲು, ಒಂದು ಬಾಲ ಹಾಗೂ ಒಂದು ಹೊಟ್ಟೆ ಇರುತ್ತದೆಂಬುದನ್ನು ಪೂರ್ವಸೂರಿಗಳು ಪ್ರಾಥಮಿಕ ಶಾಲೆಯ ಹಂತದಲ್ಲೇ ಸ್ಥಾಪಿಸಿದ್ದಾರೆ. ಆದರೆ ಆ ಹೊಟ್ಟೆಗೆ ಏನೂ ಇಳಿಯದಿದ್ದಾಗ ಮನೆಯಲ್ಲಿ ತಲೆದೋರುವ ಜ್ಞಾನಮೀಮಾಂಸಕ ಬಿಕ್ಕಟ್ಟು ಕನ್ನಡ ಸಂಶೋಧನಾ ವಲಯದ ಕಣ್ಣಿಗೆ ಬಿದ್ದಂತಿಲ್ಲ. ಈ ನಿರ್ವಾತವನ್ನು ತುಂಬುವ ವಿನಮ್ರ ಪ್ರಯತ್ನವೇ ಪ್ರಸ್ತುತ ಅಧ್ಯಯನ.

ನಮ್ಮ ಪ್ರಾಕ್ಕಲ್ಪನೆ ಇದು: ಕಾಯಿಲೆ ಬಿದ್ದ ನಾಯಿ ತಿನ್ನುವುದಿಲ್ಲ. ಇದನ್ನು ಸಾಬೀತುಪಡಿಸಲು ಕಾಯಿಲೆ ಬಿದ್ದ ನಾಯಿಯೊಂದು ಬೇಕಿತ್ತು. ದುರದೃಷ್ಟವಶಾತ್ ಸಿಕ್ಕಿತು. ಅಧ್ಯಯನದ ಪ್ರಾಥಮಿಕ ಆಕರ, ನಂಜನಗೂಡಿನ ಅಕ್ಕನ ಮನೆಯ ಕರಿಯ. ತಳಿ ನಾಟಿ, ಬಣ್ಣ ಕಂದು, ವಯಸ್ಸು ವಿವಾದಾಸ್ಪದ.

2. ಅಧ್ಯಯನದ ವ್ಯಾಪ್ತಿ ಮತ್ತು ಮಿತಿ

ಎರಡು ತಾಲ್ಲೂಕುಗಳೇ ಏಕೆ ಎಂಬ ಪ್ರಶ್ನೆ ಸಹಜ. ಒಂದೇ ತಾಲ್ಲೂಕು ಎಂದರೆ ಮಾರ್ಗದರ್ಶಕರು ಒಪ್ಪುವುದಿಲ್ಲ. ಇಡೀ ಜಿಲ್ಲೆ ಎಂದರೆ ಬಸ್ ಚಾರ್ಜು ಗಿಟ್ಟುವುದಿಲ್ಲ. ಅಲ್ಲದೆ, ನಾಯಿ ಇದ್ದದ್ದು ನಂಜನಗೂಡಿನಲ್ಲಾದರೂ ಅದಕ್ಕೆ ಏನು ತಿನ್ನಿಸಬೇಕೆಂಬ ಜ್ಞಾನವೆಲ್ಲ ತಿ. ನರಸೀಪುರದ ಸೋದರತ್ತೆಯ ಬಳಿ ಇತ್ತು. ಕಪಿಲೆ ನಂಜನಗೂಡಿನಿಂದ ತಿರುಮಕೂಡಲಿಗೆ ಹರಿದು ಕಾವೇರಿಯನ್ನು ಸೇರಿದರೆ, ಸಲಹೆಗಳು ಫೋನಿನಲ್ಲಿ ಅದರ ವಿರುದ್ಧ ದಿಕ್ಕಿಗೆ ಹರಿಯುತ್ತಿದ್ದವು.

ನಂಜನಗೂಡಿನ ಆಯ್ಕೆಗೆ ಸಾಂಸ್ಕೃತಿಕ ಸಮರ್ಥನೆಯೂ ಇದೆ. ಈ ಊರಿನ ದೇವರು ಲೋಕದ ಉಳಿವಿಗಾಗಿ ಹಾಲಾಹಲವನ್ನೇ ಕುಡಿದವನು. ಅವನ ಊರಿನ ನಾಯಿ ಹಾಲನ್ನೂ ಮುಟ್ಟುತ್ತಿಲ್ಲ. ಇಷ್ಟು ತೀಕ್ಷ್ಣವಾದ ದ್ವಂದ್ವಾತ್ಮಕ ವೈರುಧ್ಯ ಬೇರೆ ತಾಲ್ಲೂಕಿನಲ್ಲಿ ಲಭ್ಯವಿಲ್ಲ. ಮೇಲಾಗಿ, ಟಿಪ್ಪು ಸುಲ್ತಾನನ ಪಟ್ಟದಾನೆಯ ಕಣ್ಣು ಇಲ್ಲಿಯ ಹರಕೆಯಿಂದ ವಾಸಿಯಾಯಿತೆಂದೂ, ಸುಲ್ತಾನ ಪಚ್ಚೆಯ ಲಿಂಗವನ್ನು ಒಪ್ಪಿಸಿ ದೇವರನ್ನು ಹಕೀಂ ನಂಜುಂಡ ಎಂದು ಕರೆದನೆಂದೂ ಪ್ರತೀತಿ. ಹಾಗಾಗಿ ನಂಜುಂಡನನ್ನು ಈ ಪ್ರದೇಶದ ಮೊದಲ ಪಶುವೈದ್ಯನೆಂದು ಪರಿಗಣಿಸಲಾಗಿದೆ. 1913ರಲ್ಲಿ ಬಿ.ವಿ. ಪಂಡಿತರು ಇದೇ ಊರಿನಲ್ಲಿ ಸದ್ವೈದ್ಯಶಾಲೆ ತೆರೆದು ನಾಡಿಗೆಲ್ಲ ಹಲ್ಲುಪುಡಿ ಕೊಟ್ಟರು. ತಿನ್ನುವ ಹಲ್ಲಿಗೆ ಪುಡಿ ಕೊಟ್ಟ ಊರು ತಿನ್ನದ ಬಾಯಿಗೆ ಏನು ಕೊಟ್ಟೀತು ಎಂಬುದೇ ನಮ್ಮ ಸಂಶೋಧನಾ ಪ್ರಶ್ನೆ.

ತಿ. ನರಸೀಪುರದಿಂದ ಅಳತೆಯ ಮಾನಕವನ್ನು ಎರವಲು ಪಡೆಯಲಾಗಿದೆ. ಅಲ್ಲಿಯ ಗುಂಜಾ ನರಸಿಂಹಸ್ವಾಮಿಯ ಸನ್ನಿಧಿ ಪುಣ್ಯದಲ್ಲಿ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂಬುದು ಭಕ್ತರ ಲೆಕ್ಕ. ಕರಿಯ ತಿಂದ ಆಹಾರದ ಪ್ರಮಾಣಕ್ಕೆ ಇದಕ್ಕಿಂತ ದೊಡ್ಡ ಮಾನ ಬೇಕಾಗಲಿಲ್ಲ. ಗುಲಗಂಜಿ ತೂಕಕ್ಕೆ ಮಾತ್ರ, ಬೀಜ ಕಡುವಿಷ. ಅತ್ತೆಯ ಸಲಹೆಗಳಲ್ಲಿ ಅದೊಂದು ಇರಲಿಲ್ಲವೆಂಬುದನ್ನು ಕೃತಜ್ಞತೆಯಿಂದ ದಾಖಲಿಸಲಾಗಿದೆ.

3. ಪೂರ್ವ ಅಧ್ಯಯನಗಳ ಸಮೀಕ್ಷೆ

ಶ್ವಾನ ಅಧ್ಯಯನಕ್ಕೆ ಕನ್ನಡದ ಗಟ್ಟಿ ಆಕರವೆಂದರೆ ಪಕ್ಕದ ಮಂಡ್ಯ ಜಿಲ್ಲೆಯ ಆತಕೂರಿನ ವೀರಗಲ್ಲು. ಕಾಲ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯ ಬಿದ್ದ ಮೇಲೆ, ಗಂಗ ಬೂತುಗನ ಕಡೆಯ ಮಣಲೆರನ ಶೌರ್ಯ ಮೆಚ್ಚಿದ ಒಡೆಯ ಏನು ಬೇಕೋ ಕೇಳು ಎಂದರೆ, ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೇಳಿದ. ಆ ನಾಯಿ ಮುಂದೆ ಕಾಡುಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದಕ್ಕೊಂದು ಕಲ್ಲು ನಿಂತಿತು, ಕಲ್ಲಿಗೆ ಭೂಮಿ ಬಿಟ್ಟರು. ಕಲ್ಲನ್ನು ನೋಡಿಕೊಳ್ಳುವ ಗೊರವ ಅದನ್ನು ಪೂಜಿಸದೆ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟುತ್ತದೆಂಬ ಕರಾರೂ ಅದರಲ್ಲಿದೆ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಆದರೆ ಕಾಳಿಗೆ ಜ್ವರ ಬಂದಾಗ ಮಣಲೆರ ಏನು ತಿನ್ನಿಸುತ್ತಿದ್ದ ಎಂಬ ಬಗ್ಗೆ ಶಾಸನ ಮೌನವಾಗಿದೆ. ಮೌನವೆಂಬುದು ನಮ್ಮ ವಿದ್ವತ್ ವಲಯದಲ್ಲಿ ಅತ್ಯಂತ ಲಾಭದಾಯಕ ಪರಿಕಲ್ಪನೆಯಾದ್ದರಿಂದ ಅದನ್ನು ಪ್ರತ್ಯೇಕ ಸಂಪುಟಕ್ಕೆ ಕಾದಿರಿಸಲಾಗಿದೆ.

4. ಸೈದ್ಧಾಂತಿಕ ಚೌಕಟ್ಟು

ಇಲ್ಲಿ ಮೂರು ಪಂಥಗಳಿವೆ. ರಚನಾವಾದಿಗಳ ಪ್ರಕಾರ ತಟ್ಟೆಯ ಅರ್ಥ ತಟ್ಟೆಯಲ್ಲಿಲ್ಲ. ತಟ್ಟೆಗೂ ನಾಯಿಗೂ ನಡುವಿನ ಅಂತರದಲ್ಲಿದೆ. ಕರಿಯನ ವಿಷಯದಲ್ಲಿ ಆ ಅಂತರ ಬೆಳಗ್ಗೆ ಒಂದು ಗೇಣಿತ್ತು, ಸಂಜೆಗೆ ಇಡೀ ಹಿತ್ತಲಾಯಿತು. ನಿರಚನವಾದಿಗಳು ‘ತಿಂದಿಲ್ಲ’ ಎಂಬುದರೊಳಗೇ ‘ತಿಂದಿದೆ’ಯ ಕುರುಹು ಅಡಗಿರುತ್ತದೆ ಎನ್ನುತ್ತಾರೆ. ತಟ್ಟೆಯ ಸುತ್ತ ಕುರುಹು ಹುಡುಕಲಾಗಿ ಇರುವೆಗಳು ಕಂಡುಬಂದವು. ವಸಾಹತೋತ್ತರ ಚಿಂತಕರು ಗ್ಲೂಕೋಸ್ ಬಿಸ್ಕತ್ತಿನ ನಿರಾಕರಣೆಯನ್ನು ದೇಸಿ ಪ್ರತಿರೋಧವೆಂದು ಓದಲು ಉತ್ಸುಕರಾಗಿದ್ದರು. ಕರಿಯ ರಾಗಿಮುದ್ದೆಯನ್ನೂ ನಿರಾಕರಿಸಿ ಅವರಿಗೆ ಸೈದ್ಧಾಂತಿಕ ದ್ರೋಹ ಬಗೆಯಿತು.

5. ತಿನ್ನಿಸುವ ವಿಧಾನಗಳ ವರ್ಗೀಕರಣ

ವಿಧಾನಗಳು ಎಂಟು: ಸಂಬೋಧನಾತ್ಮಕ, ಘ್ರಾಣಪ್ರಚೋದಕ, ಸ್ಪರ್ಧಾತ್ಮಕ, ದೈವಿಕ, ಔಷಧಗರ್ಭಿತ, ದೂರವಾಣೀಮೂಲ, ಬಲಾತ್ಕಾರಾತ್ಮಕ ಮತ್ತು ಇತರೆ.

5.1 ಸಂಬೋಧನಾತ್ಮಕ ವಿಧಾನ. ಇದು ಪೂರ್ಣ ಭಾಷಿಕ. ‘ತಿನ್ನು ಮಗ’, ‘ಒಂದೇ ಒಂದು ತುತ್ತು ಕಣೋ’, ‘ಬೆಕ್ಕು ಬಂತು ನೋಡು, ಕೊಟ್ಬಿಡ್ತೀನಿ ಅದಕ್ಕೆ’, ‘ತಿನ್ನದಿದ್ರೆ ಬಿದ್ದಿರು ಅತ್ಲಾಗೆ’ ಎಂಬ ನಾಲ್ಕು ವಾಕ್ಯಗಳು ಇದೇ ಅನುಕ್ರಮದಲ್ಲಿ ಒಬ್ಬರ ಬಾಯಿಂದಲೇ ಬರುತ್ತವೆ. ನಾಲ್ಕನೆಯ ವಾಕ್ಯದ ನಂತರ ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಮೊದಲನೆಯದಕ್ಕೆ ಮರಳಲಾಗುತ್ತದೆ.

5.2 ಘ್ರಾಣಪ್ರಚೋದಕ ವಿಧಾನ. ಮನುಷ್ಯನ ನಾಲಿಗೆಯಲ್ಲಿ ಸುಮಾರು 9000 ರುಚಿಮೊಗ್ಗುಗಳಿದ್ದರೆ ನಾಯಿಯದರಲ್ಲಿ ಸುಮಾರು 1700. ನಾಯಿ ಉಣ್ಣುವುದು ಮೂಗಿನಿಂದ. ಅನ್ನವನ್ನು ಉಗುರುಬೆಚ್ಚಗೆ ಮಾಡಿದರೆ ವಾಸನೆ ಏಳುತ್ತದೆ. ಎಷ್ಟೋ ನಾಯಿಗಳು ಅಷ್ಟಕ್ಕೇ ಬಾಯಿ ಹಾಕುವುದುಂಟು. ಅತ್ತೆಯ ಆಜ್ಞೆಯಂತೆ ಬನ್ನೂರು ಕುರಿಯ ಮೂಳೆ ಬೇಯಿಸಿ ರಸ ಬಸಿಯಲಾಯಿತು. ‘ಈರುಳ್ಳಿ, ಬೆಳ್ಳುಳ್ಳಿ ಜಜ್ಜಿ ಹಾಕು, ಘಂ ಅಂತದೆ’ ಎಂಬ ಅವರ ಅನುಬಂಧವನ್ನು ಮಾತ್ರ ತಿರಸ್ಕರಿಸಲಾಯಿತು. ಅವೆರಡೂ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ರಸದ ಘಮಕ್ಕೆ ಬೀದಿಯ ಸಮಸ್ತ ನಾಯಿಗಳೂ ಗೇಟಿನ ಬಳಿ ನೆರೆದವು. ಕರಿಯ ಮುಖ ತಿರುಗಿಸಿತು.

5.3 ಸ್ಪರ್ಧಾತ್ಮಕ ವಿಧಾನ. ಎದುರಾಳಿ ಇದ್ದರೆ ನಾಯಿ ತಿನ್ನುತ್ತದೆಂಬುದು ಇದರ ತಳಹದಿ. ಮೈಲಾರಲಿಂಗನ ಗೊರವರು ದೋಣಿ ಸೇವೆಯಲ್ಲಿ ಹಾಲು, ಬಾಳೆಹಣ್ಣು ತುಂಬಿದ ಮರದ ದೋಣಿಗೆ ನೇರ ಬಾಯಿ ಹಾಕಿ, ನಾಯಿಯಂತೆ ಗುರುಗುಟ್ಟುತ್ತ ಕಿತ್ತಾಡಿಕೊಂಡು ತಿನ್ನುವುದು ಇದಕ್ಕೆ ಜಾನಪದ ಪೂರ್ವನಿದರ್ಶನ. ನಿವೃತ್ತ ಗೆಜೆಟೆಡ್ ಅಧಿಕಾರಿಯಾದ ಭಾವ ಹಿತ್ತಲಿನಲ್ಲಿ ಮಂಡಿಯೂರಿ, ಕರಿಯನ ತಟ್ಟೆಗೆ ಮುಖ ತಂದು ‘ಆಹಾ, ಆಹಾ’ ಎಂದರು. ಕರಿಯ ಅವರನ್ನು ಕನಿಕರದಿಂದ ನೋಡಿತು. ಪಕ್ಕದ ಮನೆಯವರೂ ನೋಡಿದರು. ಅಂದಿನಿಂದ ಭಾವ ವಾಕಿಂಗಿಗೆ ಬೇರೆ ರಸ್ತೆ ಹಿಡಿದಿದ್ದಾರೆ.

5.4 ದೈವಿಕ ವಿಧಾನ. ಮೆಣಸಿನಕಾಯಿ, ಉಪ್ಪು ನಿವಾಳಿಸಿ ದೃಷ್ಟಿ ತೆಗೆದದ್ದು, ಪ್ರಸಾದದ ಸಜ್ಜಿಗೆ ತಂದದ್ದು. ಸಜ್ಜಿಗೆಯಿಂದ ಒಣದ್ರಾಕ್ಷಿಯನ್ನು ಒಂದೊಂದಾಗಿ ಆರಿಸಿ ತೆಗೆಯಬೇಕಾಯಿತು. ದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ಕುತ್ತು. ನಾಯಿ ತಿನ್ನಲಿಲ್ಲ, ದ್ರಾಕ್ಷಿಯನ್ನು ಭಾವ ತಿಂದರು.

5.5 ಔಷಧಗರ್ಭಿತ ವಿಧಾನ. ಭೌಗೋಳಿಕ ಸೂಚಕದ ಮಾನ್ಯತೆಯಿರುವ ನಂಜನಗೂಡು ರಸಬಾಳೆಯ ಗರ್ಭದಲ್ಲಿ ಮಾತ್ರೆಯನ್ನು ಹುದುಗಿಸುವುದು. ಚೀಟಿಯಲ್ಲಿ ಬರೆದಿರುವುದು ‘ಊಟದ ನಂತರ’. ಊಟ ಸೇರಲು ಮಾತ್ರೆ ಬೇಕು, ಮಾತ್ರೆ ಕೊಡಲು ಊಟ ಸೇರಬೇಕು. ಈ ವಿಷವರ್ತುಲದ ತಾತ್ವಿಕತೆಯ ಕುರಿತು ಹತ್ತು ಪುಟ ಬರೆಯುವ ಉದ್ದೇಶವಿತ್ತು.

ಅಕ್ಕ ಸಿಪ್ಪೆ ಸುಲಿದು ಹಣ್ಣಿನ ತುಂಡನ್ನು ಅಂಗೈಯಲ್ಲಿಟ್ಟು ಹಿಡಿದಳು. ಕರಿಯ ಮೂಸಿತು. ನಾಲಿಗೆಯಿಂದ ತನ್ನ ಮೂತಿಯನ್ನೇ ಸವರಿಕೊಂಡು ಎರಡು ಸಲ ಎಂಜಲು ನುಂಗಿತು. ಆಮೇಲೆ ಹಲ್ಲು ತಾಗದಂತೆ ಮೆಲ್ಲಗೆ ತುಂಡನ್ನು ಬಾಯಲ್ಲಿ ತೆಗೆದುಕೊಂಡಿತು. ಅಕ್ಕ ‘ತಿಂತು, ತಿಂತು’ ಎಂದು ಕೂಗಿದಳು. ಅದು ಎದ್ದು, ಹಿಂಗಾಲು ಎಳೆಯುತ್ತ ಒಗೆಯುವ ಕಲ್ಲಿನ ಹಿಂದಕ್ಕೆ ಹೋಗಿ, ನಾವು ನೋಡುತ್ತಿಲ್ಲವೆಂದುಕೊಂಡು ಹಣ್ಣನ್ನು ನೆಲದ ಮೇಲಿಟ್ಟು, ಮೂಗಿನಿಂದ ಅದರ ಮೇಲೆ ಮಣ್ಣು ತಳ್ಳಿತು. ಕೊಟ್ಟವಳ ಮನಸ್ಸು ನೋಯಬಾರದೆಂದು ಇಸಿದುಕೊಂಡಿತ್ತು ಅಷ್ಟೆ. ನಾಯಿಗೆ ಅಂಥ ದಾಕ್ಷಿಣ್ಯವಿಲ್ಲ ಎಂದು ಯಾವ ಶಾಸ್ತ್ರ ಬೇಕಾದರೂ ಹೇಳಲಿ, ನಾನು ಒಪ್ಪುವುದಿಲ್ಲ.

ಉಳಿದ ಮೂರು ವಿಧಾನಗಳನ್ನು ವಿವರಿಸುವ ಮನಸ್ಸು ಈಗ ಲೇಖಕರಿಗಿಲ್ಲ. ಓದುಗರು ಊಹಿಸಿಕೊಳ್ಳಬಹುದು.

6. ಚರ್ಚೆ

ಇಂಥ ಭಾಷೆಯಲ್ಲಿ ಬರೆಯುವುದನ್ನು ನಾನು ಕಲಿತದ್ದು ವಿಚಾರ ಸಂಕಿರಣಗಳಲ್ಲಿ. ಒಂದರಲ್ಲಿ ಹಸಿವಿನ ಕುರಿತ ಗೋಷ್ಠಿ. ಹಸಿವೆಂದರೆ ದೇಹವೆಂಬ ಪಠ್ಯದೊಳಗಿನ ಗೈರುಹಾಜರಿ ಎಂದರು ಒಬ್ಬರು. ಉಣ್ಣದಿರುವುದು ಅಂಚಿನ ಜೀವಿಯ ನಿರಾಕರಣೆಯ ರಾಜಕಾರಣ ಎಂದರು ಇನ್ನೊಬ್ಬರು. ಗಂಟೆ ಒಂದಾಗುತ್ತಿದ್ದಂತೆ ಅಧ್ಯಕ್ಷರು ಸಂವಾದವನ್ನು ರದ್ದು ಮಾಡಿದರು. ಊಟದ ವಿಷಯದಲ್ಲಿ ಯಾವ ವಿದ್ವಾಂಸರೂ ನಿರಾಕರಣೆಯ ರಾಜಕಾರಣ ಮಾಡಲಿಲ್ಲ. ಹೊರಗೆ ಎಂಜಲೆಲೆ ಎಸೆಯುವ ಜಾಗದಲ್ಲಿ, ಪಕ್ಕೆಲುಬು ಎದ್ದ ಒಂದು ನಾಯಿಗೆ ಕಲ್ಲು ಬೀಳುತ್ತಿತ್ತು. ಎಸೆಯುತ್ತಿದ್ದವರು ಕೊರಳಿಗೆ ಸಂಕಿರಣದ ಗುರುತಿನ ಚೀಟಿ ಹಾಕಿಕೊಂಡಿದ್ದರು.

ಆ ಸಿಟ್ಟು ಇನ್ನೂ ಇಳಿದಿಲ್ಲ. ಹಸಿವು ಪಠ್ಯವಲ್ಲ ಸ್ವಾಮಿ. ತಿನ್ನದ ನಾಯಿ ಯಾವ ಸಂಕಥನವನ್ನೂ ಮಂಡಿಸುತ್ತಿಲ್ಲ, ಹಟವನ್ನೂ ಮಾಡುತ್ತಿಲ್ಲ. ಅದಕ್ಕೆ ಹೊಟ್ಟೆ ತೊಳಸುತ್ತಿರುತ್ತದೆ. ಮೂತಿ ಸವರಿಕೊಳ್ಳುವುದು, ಬರಿದೇ ನುಂಗುವುದು, ತಟ್ಟೆ ಕಂಡರೆ ಮುಖ ತಿರುಗಿಸುವುದು, ಇವೆಲ್ಲ ಓಕರಿಕೆಯ ಲಕ್ಷಣ. ಕೊನೆಗೆ ನೋಡಿದ ಪಶುವೈದ್ಯೆ ಕರಿಯನ ತುಟಿ ಎತ್ತಿ ಬಿಳಿಚಿದ ವಸಡನ್ನು ಬೆರಳಿನಿಂದ ಒತ್ತಿ, ಕಿವಿಯ ಮಡಿಕೆಯಲ್ಲಿ ಅಂಟಿಕೊಂಡಿದ್ದ ಉಣ್ಣೆಗಳನ್ನು ತೋರಿಸಿ ಹೇಳಿದ್ದು ಇಷ್ಟೇ: ‘ಉಣ್ಣೆ ಜ್ವರ. ರಕ್ತ ಇಳಿದಿದೆ. ಬಲವಂತವಾಗಿ ತುರುಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತೆ. ಮೊದಲು ವಾಂತಿ ನಿಲ್ಲಿಸೋಣ, ಆಮೇಲೆ ತಾನೇ ತಿನ್ನುತ್ತೆ.’ ಇಡೀ ಚೌಕಟ್ಟಿನಲ್ಲಿ ಉಪಯೋಗಕ್ಕೆ ಬಂದ ವಾಕ್ಯಗಳು ಅವೇ. ಡಾಕ್ಸಿಸೈಕ್ಲಿನ್ ಮಾತ್ರೆ ನಾಲ್ಕು ವಾರ ನಡೆಯಿತು. ಕರಿಯ ಮೊದಲು ತಿಂದದ್ದು ಬನ್ನೂರು ಕುರಿಯ ರಸವನ್ನಲ್ಲ, ಸಪ್ಪೆ ಅನ್ನದ ಗಂಜಿಯನ್ನು.

ಕರಿಯ ಉಳಿಯಿತು. ಅದೇ ಬೀದಿಯ ಚರಂಡಿ ಪಕ್ಕದ ಮರಿಗಳು ಉಳಿಯಲಿಲ್ಲ. ಅವಕ್ಕೆ ಬಂದದ್ದು ಪಾರ್ವೊ. 1978ರ ಸುಮಾರಿಗೆ ಕಾಣಿಸಿಕೊಂಡು ಒಂದೆರಡು ವರ್ಷದಲ್ಲೇ ಜಗತ್ತನ್ನು ಸುತ್ತಿದ ವೈರಸ್ಸು. ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಮರಿ ಮೊದಲು ಊಟ ಬಿಡುತ್ತದೆ, ಆಮೇಲೆ ವಾಂತಿ, ಆಮೇಲೆ ರಕ್ತಭೇದಿ. ಬೀದಿಯವರು ಹಾಲು ತಂದಿಟ್ಟರು, ಬಿಸ್ಕತ್ತು ತಂದಿಟ್ಟರು, ಬಂದುಬಂದು ನೋಡಿ ‘ಅಯ್ಯೋ ಪಾಪ’ ಎಂದರು. ಲಸಿಕೆಗೆ ತಗಲುತ್ತಿದ್ದದ್ದು ಕೆಲವು ನೂರು ರೂಪಾಯಿ. ಆ ಸಂಕಿರಣದ ಫ್ಲೆಕ್ಸಿಗೆ ಅದಕ್ಕಿಂತ ಹೆಚ್ಚಾಗಿತ್ತು. ನಮಗೆ ತಿನ್ನಿಸುವುದು ಗೊತ್ತು, ಅದರಲ್ಲೇ ಪ್ರೀತಿ ಮುಗಿಯಿತೆಂದು ತಿಳಿದಿದ್ದೇವೆ. ಹಾಲು ಕೊಡದ ಪ್ರಾಣಿಗೆ ಸೂಜಿ ಹಾಕಿಸಲು ಹೋದರೆ ‘ನಾಯಿ ತಾನೆ?’ ಎನ್ನುತ್ತೇವೆ. ನಾಯಿಯೊಂದಕ್ಕೆ ಕಲ್ಲು ನಿಲ್ಲಿಸಿ, ಅದಕ್ಕೆ ಸಲ್ಲಬೇಕಾದದ್ದು ಸಲ್ಲುವ ಮುಂಚೆ ಉಣ್ಣಬೇಡ ಎಂದು ಕರಾರು ಬರೆಸಿದ ಜನರ ಸೀಮೆ ಇದು.

7. ಫಲಿತಗಳು ಮತ್ತು ಶಿಫಾರಸುಗಳು

ಪ್ರಾಕ್ಕಲ್ಪನೆ ಸಾಬೀತಾಗಿದೆ: ಕಾಯಿಲೆ ಬಿದ್ದ ನಾಯಿ ತಿನ್ನುವುದಿಲ್ಲ. ತಿನ್ನಿಸುವ ಶಾಸ್ತ್ರವೆಲ್ಲ ನಮ್ಮ ಸಮಾಧಾನಕ್ಕೆ. ದೊಡ್ಡ ನಾಯಿ ಒಂದು ಹಗಲು ಒಂದು ರಾತ್ರಿ ಏನೂ ಮುಟ್ಟದಿದ್ದರೆ ವೈದ್ಯರಿಗೆ ತೋರಿಸಿ; ಮರಿಯಾದರೆ ಅಷ್ಟೂ ಕಾಯಬೇಡಿ. ನಿಮ್ಮ ಜ್ವರದ ಮಾತ್ರೆ, ನೋವಿನ ಮಾತ್ರೆ ಅದಕ್ಕೆ ಕೊಡಬೇಡಿ. ವಾಂತಿ ನಿಂತ ಮೇಲೆ ಬೆಚ್ಚಗಿನ ಸಪ್ಪೆ ಗಂಜಿಯನ್ನು ಸ್ವಲ್ಪ ಸ್ವಲ್ಪವೇ ಇಡಿ, ಇಟ್ಟು ದೂರ ಹೋಗಿ.

‘ಈ ವಿಷಯದಲ್ಲಿ ಹೆಚ್ಚಿನ ಅಧ್ಯಯನಕ್ಕೆ ವಿಪುಲ ಅವಕಾಶವಿದೆ’ ಎಂದು ಮುಗಿಸುವುದು ಪದ್ಧತಿ. ಅವಕಾಶವಿಲ್ಲ. ಲಸಿಕೆಯ ಮೊದಲ ಸೂಜಿ ಆರರಿಂದ ಎಂಟು ವಾರದೊಳಗೆ, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ತುಂಬುವವರೆಗೆ. ನಿಮ್ಮ ಬೀದಿಯಲ್ಲಿ ಮರಿಗಳಿದ್ದರೆ ಬಿಸ್ಕತ್ತಿನ ಪ್ಯಾಕೆಟ್ಟು ಅಲ್ಲೇ ಇಡಿ, ಮರಿಗಳನ್ನು ಎತ್ತಿಕೊಂಡು ಪಶು ಆಸ್ಪತ್ರೆಗೆ ನಡೆಯಿರಿ.