ಕಿವಿ ಮಿಷನ್ನೂ ಪೆಂಗ್ವಿನ್ನೂ

ನಮ್ಮ ತಾಯಿಯ ತವರಿನಲ್ಲಿ ಜಗಳವಿಲ್ಲದೆ ಪಾಲಾದ ಪಿತ್ರಾರ್ಜಿತವೆಂದರೆ ಕಿವುಡು ಒಂದೇ. ಅಜ್ಜನಿಂದ ಇಬ್ಬರು ಮಾವಂದಿರಿಗೂ ಸಮನಾಗಿ ಬಂತು. ನನ್ನ ಸರದಿಯೂ ದೂರವಿಲ್ಲ ಎಂದು ಹೆಂಡತಿ ಹೇಳುತ್ತಾಳೆ, ನನಗೆ ಸರಿಯಾಗಿ ಕೇಳಿಸಿದ್ದರೆ. ದೊಡ್ಡ ಮಾವ ಅದನ್ನು ವರವೆಂದು ಒಪ್ಪಿಕೊಂಡು ನೆಮ್ಮದಿಯಾಗಿದ್ದಾರೆ. ಚಿಕ್ಕ ಮಾವ ಮಾತ್ರ ಹಟಕ್ಕೆ ಬಿದ್ದು, ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿಕೊಂಡು, ಸ್ಕೂಟರಿನ ಬೆಲೆ ಕೊಟ್ಟು ಎರಡು ಕಿವಿಗೂ ಮಿಷನ್ನು ತಂದರು.

ಅದು ಬ್ಲೂಟೂತ್ ಇರುವ ಮಿಷನ್ನು. ಫೋನಿನ ಮಾತು ನೇರ ಕಿವಿಯೊಳಗೇ. ಉಯ್ಯಾಲೆಯಲ್ಲಿ ಕೂತು ಖಾಲಿ ಗೋಡೆಯತ್ತ "ಹ್ಞೂಂ, ದಂಟಿನ ಸೊಪ್ಪೇ ತಂದಿದ್ದೀನಿ" ಎನ್ನುತ್ತಿದ್ದ ಮಾವನನ್ನು ಕಂಡು, ಹಾಲಿನವನು ಅತ್ತೆಯ ಹತ್ತಿರ "ಯಜಮಾನರಿಗೆ ಹುಷಾರಿಲ್ವಾ ಅಮ್ಮಾ?" ಎಂದು ಮೆಲ್ಲಗೆ ಕೇಳಿದ್ದುಂಟು.

ತೊಡಕು ಬಂದದ್ದು ಲ್ಯಾಪ್‌ಟಾಪಿನಲ್ಲಿ. ಮಗ ಬಿಟ್ಟುಹೋದ ಹಳೆಯದಕ್ಕೆ ಪೆಂಗ್ವಿನ್ ಗುರುತಿನ ಲಿನಕ್ಸ್ ಹಾಕಿಕೊಟ್ಟವನು ನಾನು. ರಾತ್ರಿ ಊಟವಾದ ಮೇಲೆ ಮಾವನಿಗೆ ಅದರಲ್ಲಿ ಯಕ್ಷಗಾನ ಬೇಕು. ಪೇರಿಂಗ್ ಆಯಿತು, ಪರದೆಯ ಮೇಲೆ ಎಡಗಿವಿ ಬಲಗಿವಿ ಎರಡರ ಹೆಸರೂ ಬಂತು, ಭಾಗವತರು ಬಾಯಿ ತೆರೆದರು. ಪದ ಮಾತ್ರ ಸ್ಪೀಕರಿನಿಂದಲೇ ಹೊರಟಿತು. "ಫೋನಿಗಿರೋ ಬುದ್ಧಿ ಇದಕ್ಕೆ ಯಾಕಿಲ್ಲ?" ಎಂದರು ಮಾವ. ಆಂಡ್ರಾಯ್ಡ್ ಫೋನಿನ ಹೊಟ್ಟೆಯಲ್ಲಿರುವುದೂ ಲಿನಕ್ಸ್ ಕರ್ನಲ್ಲೇ ಎಂಬುದನ್ನು ಆ ಹೊತ್ತಿನಲ್ಲಿ ನಾನು ಅವರಿಗೆ ಹೇಳಲಿಲ್ಲ.

ತೊಡಕಿನ ಮೂಲ ಇರುವುದು ಮಿಷನ್ನಿನ ಬ್ಯಾಟರಿಯಲ್ಲಿ. 312 ನಂಬರಿನ ಸೆಲ್ಲು ಎಂಟು ಮಿಲಿಮೀಟರ್ ಅಗಲವೂ ಇಲ್ಲ. ಹೆಡ್‌ಫೋನುಗಳ ಮಾಮೂಲಿ ಬ್ಲೂಟೂತ್ ಅದನ್ನು ಬೇಗ ಹೀರಿಬಿಡುತ್ತದೆ. ಕಡಿಮೆ ವಿದ್ಯುತ್ತಿನ ಇನ್ನೊಂದು ಬ್ಲೂಟೂತ್ ಇತ್ತು, ಅದರಲ್ಲಿ ಶಬ್ದ ಸಾಗಿಸುವ ವ್ಯವಸ್ಥೆಯೇ ಇರಲಿಲ್ಲ. ಹೀಗಾಗಿ ಒಬ್ಬೊಬ್ಬರು ಒಂದೊಂದು ದಾರಿ ಕಡಿದರು. ಆಪಲ್ ಮೊದಲು ಕಡಿಯಿತು, ನಕ್ಷೆಯನ್ನು ಒಪ್ಪಂದ ಮಾಡಿಕೊಂಡ ತಯಾರಕರಿಗಷ್ಟೇ ಕೊಟ್ಟಿತು. ಗೂಗಲ್ 2018ರಲ್ಲಿ 'ಆಶಾ' ಎಂಬ ತನ್ನ ಪ್ರೋಟೋಕಾಲನ್ನು ಎಲ್ಲರೂ ಓದುವಂತೆ ಪ್ರಕಟಿಸಿತು. ಮರುವರ್ಷ ಆಂಡ್ರಾಯ್ಡ್ 10ರ ಜೊತೆ ಅದು ಫೋನಿಗೆ ಬಂತು.

ಆಶಾ ಓದುತ್ತ ಕೂತರೆ ರಾತ್ರಿ ಸರಿದದ್ದು ಗೊತ್ತಾಗುವುದಿಲ್ಲ. (ಯಕ್ಷಗಾನವೇ ವಾಸಿ ಎನ್ನುವವರ ಜೊತೆ ನನ್ನ ವಾದವಿಲ್ಲ.) ಎಡ ಬಲ ಎರಡೂ ಬೇರೆ ಬೇರೆ ಸಾಧನ, ಒಂದರ ಸಂಪರ್ಕಕ್ಕೂ ಇನ್ನೊಂದರದಕ್ಕೂ ಸಂಬಂಧವಿಲ್ಲ. ಇವೆರಡೂ ಒಂದೇ ತಲೆಗೆ ಸೇರಿದವು ಎಂದು ತಿಳಿಯಲು ಎರಡರಲ್ಲೂ ಒಂದೇ ಗುರುತಿನ ಸಂಖ್ಯೆ. ಶಬ್ದವನ್ನು 20 ಮಿಲಿಸೆಕೆಂಡಿನ ತುಣುಕು ಮಾಡಿ, 160 ಬೈಟಿನ ಪೊಟ್ಟಣ ಕಟ್ಟಿ, ಕ್ರಮಸಂಖ್ಯೆ ಹಚ್ಚಿ ಎರಡು ಕಡೆಗೂ ಕಳಿಸಬೇಕು, ಹೆಜ್ಜೆ ತಪ್ಪಬಾರದು. ಯಾಕೆಂದರೆ ಒಂದು ಪಕ್ಕದಿಂದ ಬಂದ ಸದ್ದು ಆಚೆ ಕಿವಿಗೆ ಮುಟ್ಟುವುದು ಒಂದು ಮಿಲಿಸೆಕೆಂಡೂ ತಡವಾಗದೆ. ಅಷ್ಟರಲ್ಲೇ ಮಿದುಳು ಕರೆದವರು ಯಾವ ದಿಕ್ಕಿನಲ್ಲಿದ್ದಾರೆಂದು ಲೆಕ್ಕ ಹಾಕಿರುತ್ತದೆ. ಒಂದೇ ಒಂದು ಪೊಟ್ಟಣ ಹಿಂದೆ ಬಿದ್ದರೂ ನಡುವೆ ಕೂತ ಭಾಗವತರು ಒಂದು ಕಿವಿಯ ಪಕ್ಕಕ್ಕೆ ಸರಿದುಬಿಡುತ್ತಾರೆ.

ಶಬ್ದವನ್ನು ಒತ್ತಿ ಸಣ್ಣದಾಗಿಸುವ ಕೆಲಸ ಜಿ.722 ಎಂಬ ಕೊಡೆಕ್ಕಿನದು. ಅದು 1988ರದ್ದು, ದೂರವಾಣಿಗೆಂದು ಮಾಡಿದ್ದು. ಏಳು ಕಿಲೋಹರ್ಟ್ಸ್‌ಗಿಂತ ಮೇಲಿನ ಸ್ವರಗಳನ್ನು ಕೈಬಿಡುತ್ತದೆ. ಇದನ್ನು ಬೇಸರದಿಂದ ಮಾವನಿಗೆ ತಿಳಿಸಿದೆ. "ಅಲ್ಲಿ ಮೇಲಿನವರು ನನ್ನ ಕಿವಿ ಖಾಲಿ ಮಾಡಿಕೊಂಡು ಹೋಗಿ ಎಷ್ಟು ವರ್ಷವಾಯಿತೋ" ಎಂದರು.

ಲಿನಕ್ಸಿನಲ್ಲಿ ರೇಡಿಯೋ ನೋಡಿಕೊಳ್ಳುವುದು ಕರ್ನಲ್, ಬ್ಲೂಟೂತಿನ ಮಾತುಕತೆ ಬ್ಲೂಝ್‌ನದು, ಶಬ್ದದ ಹರಿವು ಪೈಪ್‌ವೈರ್‌ನದು. ಮೂವರೂ ಒಪ್ಪದೆ ಕಿವಿಗೆ ಏನೂ ತಲುಪದು. ಮೊದಲು ಹೊರಗಿನಿಂದ ಜೋಡಿಸುವ ಪುಟ್ಟ ಪ್ರೋಗ್ರಾಮೊಂದು ಬಂತು. 2024ರಲ್ಲಿ ಬ್ಲೂಝ್ ಒಳಗೇ ಆಶಾಕ್ಕೆ ಜಾಗ ಸಿಕ್ಕಿತು. ನಕ್ಷೆ ಬಯಲಲ್ಲಿದ್ದುದರಿಂದ ಇಷ್ಟಾದರೂ ಆಯಿತು. ದುಡ್ಡು ಕೊಟ್ಟ ಕಿವಿಯೊಳಗೆ ಯಾವ ಯಂತ್ರ ಮಾತಾಡಬೇಕೆಂದು ಹೇಳುವ ಹಕ್ಕು ಆ ಕಿವಿಯ ಯಜಮಾನನದೇ ಅಲ್ಲವೇ?

ಇನ್ನು ಮುಂದಿನದು ಎಲ್‌ಇ ಆಡಿಯೋ, 2020ರಲ್ಲಿ ಸಾರಿದ ಎಲ್ಲರಿಗೂ ಸೇರಿದ ಮಾನದಂಡ. ಅದರಲ್ಲಿ ಆರಾಕಾಸ್ಟ್ ಎಂಬ ಪ್ರಸಾರವೂ ಉಂಟು. ಸಭಾಂಗಣದ ಮೈಕು ಅಲ್ಲಿರುವವರ ಮಿಷನ್ನುಗಳಿಗೆ ನೇರ ಬರಬಹುದು. "ಕಲ್ಯಾಣ ಮಂಟಪದಲ್ಲೂನಾ?" ಎಂದು ಮಾವ ಗಾಬರಿಯಾದರು. "ಹಾಗಾದ್ರೆ ಮದುವೆಗೆ ಮಿಷನ್ನು ಮನೇಲಿಟ್ಟೇ ಹೋಗೋದು."

ಲ್ಯಾಪ್‌ಟಾಪಿಗೆ ಹೊಸ ಆವೃತ್ತಿ ಹಾಕಿದೆ, ಭಾಗವತರು ಮಾವನ ಕಿವಿಯೊಳಗೆ ಸೇರಿದರು. ವಾರದೊಳಗೆ ಅತ್ತೆಯ ಫೋನು: "ಅದೇನು ಹಾಕಿಕೊಟ್ಯೋ, ತೆಗೆದುಬಿಡಪ್ಪ. ಅಡುಗೆಮನೆಯಿಂದಲೇ ಕೇಳ್ತಿದ್ದೆ, ಕೀಚಕವಧೆ ಅರ್ಧಕ್ಕೇ ನಿಂತುಹೋಗಿದೆ ನನಗೆ." ಸ್ಪೀಕರಿಗೂ ಕಿವಿಗೂ ಒಟ್ಟಿಗೆ ಕಳಿಸಲು ಪೈಪ್‌ವೈರ್‌ನಲ್ಲಿ ಬರುತ್ತದೆ. ಎರಡೂ ಒಂದೇ ಕ್ಷಣಕ್ಕೆ ನುಡಿಯದೆ ಚೆಂಡೆಯ ಪೆಟ್ಟು ಎರಡೆರಡು ಸಲ ಕೇಳಬಹುದೆಂದು ಮಾವನನ್ನು ಎಚ್ಚರಿಸಿದೆ.

"ಕೀಚಕನಿಗೆ ತಾನೇ? ಬೀಳಲಿ ಬಿಡು" ಎಂದರು.