ಅಮಲ್ದಾರರ ಸಕ್ಕರೆ

ನಮ್ಮ ಬೀದಿಯಲ್ಲಿ ಸಕ್ಕರೆ ಕಾಯಿಲೆ ಇಲ್ಲದವರನ್ನು ಸ್ವಲ್ಪ ಅನುಮಾನದಿಂದಲೇ ನೋಡುತ್ತಾರೆ. ಐವತ್ತು ದಾಟಿದ ಮೇಲೂ ಷುಗರ್ ಬಂದಿಲ್ಲವೆಂದರೆ ಆಸಾಮಿ ಪರೀಕ್ಷೆ ಮಾಡಿಸಿಲ್ಲ, ಇಲ್ಲವೇ ಮಾಡಿಸಿ ಮುಚ್ಚಿಟ್ಟಿದ್ದಾನೆ ಎಂದು ತೀರ್ಮಾನ. ಬೆಳಿಗ್ಗೆ ಅಂತರಗಂಗೆ ಕಡೆ ನಡೆಯಲು ಹೊರಡುವ ನಮ್ಮ ಗುಂಪಿನಲ್ಲಿ ಊಟಕ್ಕೆ ಮುಂಚಿನ ಅಂಕಿ, ಊಟವಾದ ಮೇಲಿನ ಅಂಕಿ, ಮೂರು ತಿಂಗಳ ಸರಾಸರಿ, ಇವೆಲ್ಲ ಕೋಲಾರದ ಮಂಡಿಯ ಟೊಮೆಟೊ ಬಾಕ್ಸಿನ ರೇಟಿನ ಜೊತೆಜೊತೆಗೇ ಚರ್ಚೆಯಾಗುತ್ತವೆ. ಟೊಮೆಟೊ ಇಳಿದ ದಿನ ಷುಗರ್ ಏರುತ್ತದೆ ಎನ್ನುವುದು ಗುಂಪಿನ ರೈತರೊಬ್ಬರ ಸಿದ್ಧಾಂತ. ಈ ಸಂಘಕ್ಕೆ ನಾನು ಹಳೆಯ ಸದಸ್ಯ. ಈಚೆಗೆ ನಮ್ಮ ಮನೆಯಿಂದಲೇ ಇನ್ನೊಬ್ಬರು ಸೇರಿದ್ದಾರೆ. ಅವರಿಗೆ ನಾಲ್ಕು ಕಾಲು, ಒಂದು ಬಾಲ.

ಹೆಸರು ಅಮಲ್ದಾರ್. ಇಟ್ಟವರು ನಮ್ಮ ಜೊತೆಯಲ್ಲೇ ಇರುವ ಸೋದರತ್ತೆ. ಹಳೇ ಮೈಸೂರು ಸಂಸ್ಥಾನದ ತಾಲ್ಲೂಕು ಅಧಿಕಾರಿಗಳ ಗತ್ತನ್ನು ಅವರು ತಮ್ಮ ಅಪ್ಪನ ಬಾಯಲ್ಲಿ ಕೇಳಿ ಬಲ್ಲವರು. ಈ ಬೆಕ್ಕೂ ದಿನ ಬೆಳಗಾದರೆ ಹೆಂಚಿನ ಮೇಲಿಂದ ಸವಾರಿ ಹೊರಟು, ಬೀದಿಯ ಒಂದೊಂದೇ ಅಡುಗೆಮನೆ ತನಿಖೆ ಮಾಡಿ, ಸಲ್ಲಬೇಕಾದ ಕಂದಾಯವನ್ನು ಹಾಲು, ಮೊಸರನ್ನ, ತುಪ್ಪದ ಜಿಡ್ಡಿನ ರೂಪದಲ್ಲಿ ವಸೂಲು ಮಾಡಿಕೊಂಡು ಮನೆಗೆ ಬಂದು ಮಲಗುವುದು ಕಂಡು ಹಾಗೆ ಕರೆದರು. ಅಂದಿನಿಂದ ನಾವೆಲ್ಲ ಬಹುವಚನದಲ್ಲೇ ಮಾತಾಡಿಸುತ್ತೇವೆ. ಎಳವೆಯಲ್ಲೇ ಸಂತಾನಹರಣದ ಆಪರೇಷನ್ ಆಗಿತ್ತು. ಓಡಾಟ ಕಡಿಮೆಯಾಯಿತು, ವಸೂಲಿ ಕಡಿಮೆಯಾಗಲಿಲ್ಲ. ಎಂಟು ವರ್ಷ ತುಂಬುವ ಹೊತ್ತಿಗೆ ಹೊಟ್ಟೆ ಕುರುಡುಮಲೆ ಗಣಪತಿಯದಕ್ಕೆ ಸಮನಾಗಿ ಬೆಳೆದು, ಮೆಟ್ಟಿಲು ಹತ್ತುವಾಗ ಅವರಿಗಿಂತ ಅದೇ ಮೊದಲು ಮೇಲೆ ತಲುಪುತ್ತಿತ್ತು.

ಆಮೇಲೆ ನೀರಿನ ಪ್ರಕರಣ ಶುರುವಾಯಿತು. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಜಿಲ್ಲೆ ನಮ್ಮದು. ಸಾವಿರ ಅಡಿ ಕೊರೆಸಿ, ಧೂಳು ಬಂದದ್ದು ನೋಡಿ, ಬೋರ್‌ವೆಲ್ ಲಾರಿಯವನಿಗೆ ಕೈಮುಗಿದು ಕಳಿಸಿದವರು ಪ್ರತಿ ಹಳ್ಳಿಯಲ್ಲೂ ಇದ್ದಾರೆ. ಬೆಂಗಳೂರಿನವರು ಬಳಸಿ ಬಿಟ್ಟ ನೀರನ್ನು ಸಂಸ್ಕರಿಸಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ಹರಿಸುವುದು 2018ರಲ್ಲಿ ಶುರುವಾಯಿತು. ಇಂಥ ಕಡೆ ನಮ್ಮ ಅಮಲ್ದಾರರು ಬಚ್ಚಲ ಬಕೆಟ್ಟು, ತುಳಸಿಕಟ್ಟೆಯ ಚೊಂಬು, ಪಾತ್ರೆ ತೊಳೆಯುವ ಬೋಗುಣಿ ಒಂದನ್ನೂ ಬಿಡದೆ ಕುಡಿಯತೊಡಗಿದರು. "ಟ್ಯಾಂಕರಿನವನಿಗೆ ಹೇಳಿ, ಈ ಸಲ ಬೆಕ್ಕಿಗೇ ಒಂದು ಲೋಡು ಬೇಕು ಅಂತ" ಎಂದಳು ನನ್ನ ಹೆಂಡತಿ.

ಒಳಗೆ ಹೋದದ್ದು ಹೊರಗೆ ಬರಲೇಬೇಕಲ್ಲ. ಎದುರುಗಡೆ ಮನೆ ಕಟ್ಟಲು ಮಾಲೂರಿನ ಇಟ್ಟಿಗೆ ಇಳಿಸಿ, ಪಕ್ಕದಲ್ಲಿ ಮರಳು ರಾಶಿ ಹಾಕಿದ್ದರು. ಮರಳು ಕಂಡ ಬೆಕ್ಕಿಗೆ ಅದೇ ಶೌಚಾಲಯ. ಒಂದು ದಿನ ಮೇಸ್ತ್ರಿ ಬಂದು, "ಸಾರ್, ನಾವು ಸಿಮೆಂಟು ಹಾಕೋಕೆ ಮುಂಚೆಯೇ ನಿಮ್ಮ ಬೆಕ್ಕು ಕಲಸಿ ಇಡ್ತಾ ಐತೆ" ಎಂದ. ಅತ್ತೆ ಕೋಲೂರಿಕೊಂಡು ಹೋಗಿ ನೋಡಿದರು. ಒದ್ದೆಯಾದ ಕಡೆಯೆಲ್ಲ ಇರುವೆ ಸಾಲು. "ಇದಕ್ಕೆ ಸಕ್ಕರೆ ಕಾಯಿಲೆ ಕಣೋ" ಎಂದುಬಿಟ್ಟರು. ನಾನು ನಕ್ಕೆ. ಆದರೆ ಮಧುಮೇಹಿಯ ಮೂತ್ರಕ್ಕೆ ಇರುವೆ ಮುತ್ತುತ್ತವೆ ಎಂದು ಚರಕಸಂಹಿತೆಯೇ ಹೇಳುತ್ತದೆ. ಅತ್ತೆ ಚರಕಸಂಹಿತೆ ಓದಿದವರಲ್ಲ, ಅವರು ಓದಿದ್ದು ಇರುವೆ ಸಾಲನ್ನು.

ಅಷ್ಟರಲ್ಲಿ ಇನ್ನೆರಡು ವಿಚಿತ್ರ ಕಂಡವು. ತಿನ್ನುವುದು ಹೆಚ್ಚಿದ್ದರೂ ಮೈ ಇಳಿಯುತ್ತಿತ್ತು. ಬೆರಳ ತುದಿಯಲ್ಲಿ ನಡೆಯಬೇಕಾದ ಬೆಕ್ಕು ಹಿಂಗಾಲಿನ ಹಿಮ್ಮಡಿ ನೆಲಕ್ಕೆ ಊರಿ ನಡೆಯುತ್ತಿತ್ತು. ಸಕ್ಕರೆ ಏರಿ ಕಾಲಿನ ನರಗಳು ಸೊರಗಿದಾಗ ಬೆಕ್ಕುಗಳು ಹೀಗೆ ನಡೆಯುತ್ತವೆ ಎಂದು ಆಮೇಲೆ ತಿಳಿಯಿತು.

ನಮ್ಮ ಕಡೆ ಪಶು ಆಸ್ಪತ್ರೆ ಎಂದರೆ ಹಸುವಿನ ಆಸ್ಪತ್ರೆ. ಹಾಲು, ರೇಷ್ಮೆ, ಟೊಮೆಟೊ, ಮಾವು ಈ ನಾಲ್ಕರಲ್ಲಿ ಜೀವ ಹಿಡಿದಿರುವ ಜಿಲ್ಲೆಯಲ್ಲಿ ಡಾಕ್ಟರಿಗೆ ಹಸುವಿನ ಕೆಚ್ಚಲು ನೋಡುವುದಕ್ಕೇ ಹೊತ್ತು ಸಾಲದು. ಸೀಮೆಹಸುಗಳ ಸಾಲಿನಲ್ಲಿ ನಾನೊಬ್ಬ, ಎರಡು ಟೊಮೆಟೊ ಕ್ರೇಟನ್ನು ಬಾಯಿಗೆ ಬಾಯಿ ಕೂಡಿಸಿ ಹಗ್ಗ ಬಿಗಿದು, ಒಳಗೆ ಅಮಲ್ದಾರರನ್ನು ಕೂರಿಸಿಕೊಂಡು ನಿಂತೆ. ಮುಂದಿದ್ದ ಯಜಮಾನರು ಕ್ರೇಟಿನೊಳಗೆ ಇಣುಕಿ, "ಇದು ಎಷ್ಟು ಲೀಟರ್ ಕೊಡ್ತದೆ ಸ್ವಾಮಿ?" ಎಂದರು. "ಕೊಡಲ್ಲ, ಕುಡೀತದೆ" ಎಂದೆ.

ಡಾಕ್ಟರು ಒಳ್ಳೆಯವರು. ಕಿವಿಯ ಅಂಚಿಗೆ ಚುಚ್ಚಿ ಒಂದು ಹನಿ ರಕ್ತ ತೆಗೆದು ಮೀಟರಿಗೆ ಹಾಕಿದರು. ಅಂಕಿ ಮುನ್ನೂರು ದಾಟಿತ್ತು. ನಾನಾಗಲೇ ಸಂಘದ ಸದಸ್ಯತ್ವ ಕೊಡಲು ಸಿದ್ಧನಾದೆ, ಅವರು ತಡೆದರು. ಬೆಕ್ಕಿಗೆ ಗಾಬರಿಯಾದರೇ ಸಕ್ಕರೆ ಅಷ್ಟು ಏರುತ್ತದಂತೆ. ಹಸು ಕಂಡ ಹೆದರಿಕೆ ಯಾವುದು, ಕಾಯಿಲೆ ಯಾವುದು ಎಂದು ಬೇರೆ ಮಾಡಲು ಫ್ರಕ್ಟೋಸಮೈನ್ ಎಂಬ ಪರೀಕ್ಷೆ ಆಗಬೇಕು, ಅದು ಹಿಂದಿನ ಎರಡು ಮೂರು ವಾರಗಳ ಸಕ್ಕರೆಯ ಲೆಕ್ಕ ಹೇಳುತ್ತದೆ ಎಂದು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಚೀಟಿ ಬರೆದರು. 1958ರಿಂದ ಇರುವ ಕಾಲೇಜು ಅದು. ಅಮಲ್ದಾರರು ಕೋಲಾರದಲ್ಲಿ ಎತ್ತಿದ ರಾಗವನ್ನು ಹೊಸಕೋಟೆ ದಾಟುವವರೆಗೆ ಇಳಿಸಲಿಲ್ಲ. ಫಲಿತಾಂಶ ಬಂತು. ಅತ್ತೆಯ ಇರುವೆಗಳು ಸುಳ್ಳು ಹೇಳಿರಲಿಲ್ಲ.

ಸುದ್ದಿ ಹಬ್ಬುವುದಕ್ಕೆ ನಮ್ಮ ನೆಂಟಸ್ತಿಕೆ ಸಾಕು. ಶ್ರೀನಿವಾಸಪುರ ನನ್ನ ಹೆಂಡತಿಯ ತವರು. ಅಲ್ಲಿ ಮನೆಮಾತು ತೆಲುಗು, ಉಸಿರು ಮಾವು. ಭಾವಮೈದ ಫೋನಿನಲ್ಲಿ, "ಏಮಿ ಭಾವಾ, ಪಿಲ್ಲಿಕಿ ಕೂಡಾ ಷುಗರಾ?" ಎಂದು ಐದು ನಿಮಿಷ ನಕ್ಕ. ಮಾವಿನ ಕಾಲ ಬಂದರೆ ಬಾದಾಮಿ, ರಸಪುರಿ, ಮಲ್ಲಿಕಾ ಎಂದು ಬುಟ್ಟಿ ಬುಟ್ಟಿ ಕಳಿಸುವವನು ಅವನೇ. ಅವನ ಕಾಳಜಿ ಏನೆಂದರೆ ಬೆಕ್ಕು ಹಣ್ಣು ನೆಕ್ಕಿರಬಹುದೇ ಎಂದು. ಸಾಧ್ಯವಿಲ್ಲ. ಬೆಕ್ಕಿಗೆ ಸಿಹಿಯೇ ತಿಳಿಯದು. ನಾಲಿಗೆಗೆ ಸಿಹಿ ಹೇಳಿಕೊಡುವ ವಂಶವಾಹಿಯೊಂದು ಬೆಕ್ಕಿನ ಕುಲದಲ್ಲಿ ಕೆಟ್ಟುಹೋಗಿದೆ ಎಂದು ಫಿಲಡೆಲ್ಫಿಯಾದ ಮೊನೆಲ್ ಸಂಸ್ಥೆಯವರು 2005ರಲ್ಲಿ ತೋರಿಸಿದರು. ನಾನಾದರೋ ರಸಪುರಿ ಹೀರಿ, ಹೋಳಿಗೆ ಮುರಿದು, ಪಾಯಸದ ಬಟ್ಟಲು ಬೆರಳಲ್ಲಿ ಸವರಿ ಈ ಕಾಯಿಲೆಗೆ ಬಂದವನು. ಸಿಹಿಯ ಸುಖವನ್ನು ಒಂದು ದಿನವೂ ಕಾಣದೆ ಸಕ್ಕರೆ ಕಾಯಿಲೆ ತಂದುಕೊಂಡ ಬೆಕ್ಕಿನ ಮುಖ ನೋಡಲು ನನಗೆ ನಾಚಿಕೆಯಾಯಿತು.

ಮಾಲೂರಿನ ಅಕ್ಕ ನೇರಳೆ ಬೀಜದ ಪುಡಿ ಕಳಿಸಿದಳು. ಮುಳಬಾಗಿಲಿನ ಗೆಳೆಯ ಖುದ್ದಾಗಿ ಬಂದ. ಡಿವಿಜಿ ಹುಟ್ಟಿದ್ದು ನಮ್ಮೂರಲ್ಲಿ, ದೋಸೆ ಹುಟ್ಟಿದ್ದೂ ನಮ್ಮೂರಲ್ಲಿ ಎಂದು ಒಂದೇ ಉಸಿರಿನಲ್ಲಿ ಹೇಳುವ ಮನುಷ್ಯ ಅವನು. ತುಪ್ಪದಲ್ಲಿ ಮಿಂದ ಮುಳಬಾಗಿಲು ದೋಸೆಯನ್ನು ಮುಂದಿಟ್ಟುಕೊಂಡು ನನಗೆ ಪಥ್ಯದ ಉಪನ್ಯಾಸ ಮಾಡಿದ. "ಅಕ್ಕಿ ನಿಲ್ಲಿಸು, ಬೆಕ್ಕಿಗೆ ರಾಗಿ ಮುದ್ದೆ ಹಾಕು. ರಾಗಿ ತಿಂದವನಿಗೆ ರೋಗವಿಲ್ಲ." ಕೋಲಾರದವನು ರಾಗಿಗೆ ಎದುರು ಮಾತಾಡಬಾರದು, ಆದರೆ ಡಾಕ್ಟರು ಇದನ್ನೂ ಮೊದಲೇ ಊಹಿಸಿದ್ದರು. ಬೆಕ್ಕು ಮಾಂಸಕ್ಕೇ ಹುಟ್ಟಿದ ಪ್ರಾಣಿ. ಅದರ ಎಂಜಲಿನಲ್ಲಿ ಪಿಷ್ಟ ಕರಗಿಸುವ ರಸವೇ ಇಲ್ಲ. ಇಲಿಯೊಂದನ್ನು ಹಿಡಿದು ತಿಂದರೆ ಸಿಗುವುದು ಹೆಚ್ಚಾಗಿ ಪ್ರೋಟೀನು, ಕೊಬ್ಬು. ಅನ್ನವಾಗಲಿ ಮುದ್ದೆಯಾಗಲಿ ಅದರ ಲೆಕ್ಕಕ್ಕೆ ಸೇರುವುದಿಲ್ಲ. ಹಾಲನ್ನ ಬಂದ್, ಮೊಸರನ್ನ ಬಂದ್. ನೇರಳೆ ಪುಡಿಯನ್ನು ನಾನು ತೆಗೆದಿಟ್ಟುಕೊಂಡೆ. ಹಾಲು ಬಿಡಿಸಲು ತೆನ್ನಾಲಿ ರಾಮನ ಉಪಾಯ ಇತ್ತು, ಆದರೆ ಬಿಸಿ ಹಾಲಲ್ಲಿ ಬೆಕ್ಕಿನ ಮೂತಿ ಸುಡುವುದು ಕಥೆಗಷ್ಟೇ ಚೆಂದ.

ಈಗ ಧರ್ಮಸಂಕಟ. ನಮ್ಮ ಮನೆಯಲ್ಲಿ ಮೊಟ್ಟೆಯನ್ನೂ ಒಡೆದವರಿಲ್ಲ. ಕಾಪಾಡಿದವರು ಪಕ್ಕದ ಮನೆಯ ಮುನಿಯಮ್ಮ. ಡಾಕ್ಟರು ಬರೆದುಕೊಟ್ಟ ಡಬ್ಬಿಯ ಆಹಾರ ಬೆಂಗಳೂರಿನಿಂದ ಬರುತ್ತದೆ. ಅದು ತಡವಾದ ದಿನ ಮುನಿಯಮ್ಮನ ಒಲೆಯ ಮೇಲೆ ಕೋಳಿ ಬೇಯುತ್ತದೆ. ಈರುಳ್ಳಿ ಬೆಳ್ಳುಳ್ಳಿ ಬೆಕ್ಕಿಗೆ ವಿಷ, ಉಪ್ಪು ಖಾರ ಬೇಡ ಎಂದು ವಿವರಿಸಿದಾಗ ಆಕೆ ಸೌಟು ಹಿಡಿದು ಹಾಗೇ ನಿಂತರು. "ಅಲ್ಲ ಅಣ್ಣಾ, ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಮಸಾಲೆ ಇಲ್ಲ. ಆ ಕೋಳಿ ಸತ್ತಿದ್ದಾದರೂ ಯಾತಕ್ಕೆ?" ಎಂದರು. ಅತ್ತೆ ಜಪಮಾಲೆ ಹಿಡಿದು ಮುಖ ಆ ಕಡೆ ತಿರುಗಿಸುತ್ತಾರೆ, ಆದರೆ ಬಟ್ಟಲು ಖಾಲಿಯಾಯಿತೇ ಎಂದು ಮೊದಲು ವಿಚಾರಿಸುವವರೂ ಅವರೇ.

ಇನ್ನು ಇನ್ಸುಲಿನ್. ಮೆಡಿಕಲ್ ಸ್ಟೋರಿನ ಹುಡುಗ ಬಿಲ್ ಬರೆಯಲು ಪೇಷಂಟ್ ಹೆಸರು ಕೇಳಿದ. "ಅಮಲ್ದಾರ್." "ವಯಸ್ಸು?" "ಎಂಟು." ಅವನ ಪೆನ್ನು ನಿಂತಿತು. "ಎಂಟೇ ವರ್ಷಕ್ಕಾ? ಪಾಪ, ಸ್ಕೂಲಿಗೆ ಹೋಗ್ತಾನಾ ಸಾರ್?" ನಿಜ ಹೇಳುವ ಮೊದಲೇ ರಿಯಾಯಿತಿ ಕೊಟ್ಟುಬಿಟ್ಟ. ಅವನ ಮರುಕ ಸುಳ್ಳಲ್ಲ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಮೊದಲ ಇನ್ಸುಲಿನ್ ಚುಚ್ಚಿಸಿಕೊಂಡ ಲೆನಾರ್ಡ್ ಥಾಮ್ಸನ್‌ಗೆ ಹದಿನಾಲ್ಕೇ ವರ್ಷ. ಅದಕ್ಕೂ ಮುಂಚೆ ಈ ಕಾಯಿಲೆ ಬಂದ ಮಕ್ಕಳು ಬದುಕುತ್ತಿರಲಿಲ್ಲ. ಆ ಔಷಧ ಸಿಕ್ಕಿದ್ದು ನಾಯಿಗಳ ಮೇಲೆ ನಡೆದ ಪ್ರಯೋಗಗಳಿಂದ. ಬೀದಿಯ ನಾಯಿಗಳ ಮೇಲೆ ಉರಿದುಬೀಳುವ ಅಮಲ್ದಾರರಿಗೆ ಈ ಋಣದ ವಿಷಯವನ್ನು ನಾನಿನ್ನೂ ತಿಳಿಸಿಲ್ಲ.

ಸಿರಿಂಜಿನಲ್ಲಿ ಮಾತ್ರ ತಮಾಷೆ ನಡೆಯದು. ನಮ್ಮಲ್ಲಿ ಎರಡು ಬಗೆ ಸಿಗುತ್ತದೆ: ಕೆಂಪು ಮುಚ್ಚಳದ್ದು ನಲವತ್ತರ ಅಳತೆಗೆ, ಕಿತ್ತಳೆ ಮುಚ್ಚಳದ್ದು ನೂರರ ಅಳತೆಗೆ. ನೂರರ ಔಷಧವನ್ನು ನಲವತ್ತರ ಸಿರಿಂಜಿನಲ್ಲಿ ಎಳೆದರೆ ಗೆರೆ ಅದೇ ಕಂಡರೂ ಒಳಗೆ ಹೋಗುವುದು ಎರಡೂವರೆ ಪಟ್ಟು. ಅಷ್ಟು ಸಣ್ಣ ಜೀವಕ್ಕೆ ಅದು ಪ್ರಾಣಾಂತಿಕ. ಸಕ್ಕರೆ ತೀರಾ ಇಳಿದು ಬೆಕ್ಕು ತೂರಾಡಿದರೆ ಒಸಡಿಗೆ ಜೇನುತುಪ್ಪ ಸವರಿ ಡಾಕ್ಟರ ಬಳಿ ಓಡಬೇಕು. ಜೇನಿನ ಶೀಶೆ ಈಗ ನಮ್ಮ ಫ್ರಿಜ್ಜಿನ ನೆತ್ತಿಯ ಮೇಲಿದೆ, ಇನ್ಸುಲಿನ್ ಬಾಗಿಲಿನಲ್ಲಿ. 1902ರಲ್ಲೇ ಶಿವನಸಮುದ್ರದಿಂದ ಕೆಜಿಎಫ್ ಗಣಿಗೆ ಕರೆಂಟು ತರಿಸಿಕೊಂಡ ಜಿಲ್ಲೆಯವರು ನಾವು. ಆದರೂ ಬೇಸಿಗೆಯ ಮಧ್ಯಾಹ್ನ ಕರೆಂಟು ಹೋದರೆ ಫ್ರಿಜ್ಜಿನ ಬಾಗಿಲು ತೆರೆಯಬಾರದೆಂದು ಅತ್ತೆ ಕುರ್ಚಿ ಹಾಕಿಕೊಂಡು ಕಾವಲು ಕೂರುತ್ತಾರೆ.

ಚುಚ್ಚುವುದು ಹನ್ನೆರಡು ಗಂಟೆಗೊಮ್ಮೆ. ಬೆಳಿಗ್ಗೆ ಏಳು, ಸಂಜೆ ಏಳು ಎಂದು ನಿಗದಿ ಮಾಡಿದವರೂ ಅತ್ತೆಯೇ, ಏಕೆಂದರೆ ಸೋಮವಾರ ಏಳೂವರೆಗೆ ರಾಹುಕಾಲ ಹಿಡಿಯುತ್ತದೆ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಇಲಿಗಳು ಸಭೆ ಸೇರಿದ ಹಾಗೆ ಮೊದಲ ಸಂಜೆ ನಾವು ಮೂವರೂ ಸೂಜಿ ಹಿಡಿದು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಮಲ್ದಾರರು ಬಟ್ಟಲಿಗೆ ಬಾಯಿ ಹಾಕಿದ್ದಾಗ ಬೆನ್ನಿನ ಸಡಿಲ ಚರ್ಮ ಎತ್ತಿ ನನ್ನ ಹೆಂಡತಿ ಚುಚ್ಚಿಯೇಬಿಟ್ಟಳು. ಅವರು ತಲೆ ಎತ್ತಲಿಲ್ಲ. ನನಗೇ ಸ್ವಲ್ಪ ತಲೆ ಸುತ್ತಿತು. ಅಮೆರಿಕದಲ್ಲಿ 2022ರ ಕೊನೆಯಲ್ಲಿ ಇದುವರೆಗೆ ಇನ್ಸುಲಿನ್ ಪಡೆಯದ ಬೆಕ್ಕುಗಳಿಗೆ ಮಾತ್ರೆಯೊಂದನ್ನು ಒಪ್ಪಿದ್ದಾರಂತೆ. ಬೆಕ್ಕಿಗೆ ಮಾತ್ರೆ ನುಂಗಿಸಲು ಹೋಗಿ ಕೈ ಪರಚಿಸಿಕೊಂಡವರು ಯಾರೂ ಸೂಜಿಯನ್ನು ಬೈಯುವುದಿಲ್ಲ.

ಈ ಏಳು ಗಂಟೆ ನಮ್ಮ ಸಂಸಾರದ ಪಂಚಾಂಗವನ್ನೇ ಬದಲಿಸಿತು. ಮದುವೆಯ ಆರತಕ್ಷತೆಯ ಸಾಲಿನಲ್ಲಿ ಕಾಯುವ ಕಷ್ಟ ತಪ್ಪಿತು: "ಮನೇಲಿ ಇಂಜೆಕ್ಷನ್ ಟೈಮು" ಎಂದರೆ ಯಾರೂ ತಡೆಯುವುದಿಲ್ಲ. ಇಷ್ಟು ನಿಯಮ ನನ್ನ ಮಾತ್ರೆಗೆ ಎಂದೂ ಇರಲಿಲ್ಲ. ನನ್ನ ಗುಳಿಗೆ ನೆನಪಾದರೆ ಉಂಟು, ಹೋಳಿಗೆ ಇದ್ದ ದಿನ ಎರಡು. ಹೊತ್ತಿಗೆ ಸರಿಯಾದ ಇನ್ಸುಲಿನ್ನು, ಅನ್ನವಿಲ್ಲದ ಊಟ ಸಿಕ್ಕಿದರೆ ಕೆಲವು ಬೆಕ್ಕುಗಳಿಗೆ ಕೆಲವು ತಿಂಗಳಲ್ಲೇ ಸೂಜಿ ಬೇಡವಾಗುವುದೂ ಉಂಟು ಎನ್ನುತ್ತಾರೆ ಡಾಕ್ಟರು. ನಮ್ಮವರಿಗೆ ಅಷ್ಟಾಗಿಲ್ಲ. ಆದರೆ ನೀರು ಕುಡಿಯುವುದು ತಗ್ಗಿದೆ, ಹಿಮ್ಮಡಿ ನೆಲ ಬಿಟ್ಟಿದೆ, ಮೇಸ್ತ್ರಿ ಮರಳಿನ ದೂರು ನಿಲ್ಲಿಸಿದ್ದಾನೆ. ಡೋಸು ಕೂಡಿಸುವುದು, ಕಳೆಯುವುದು ಡಾಕ್ಟರ ಕೆಲಸ. ಅದರಲ್ಲಿ ಅತ್ತೆಗೂ ಅಧಿಕಾರವಿಲ್ಲ.

ನಿಮ್ಮ ಮನೆಯಲ್ಲೂ ವಯಸ್ಸಾದ, ಮೈ ತುಂಬಿದ ಬೆಕ್ಕೊಂದಿದ್ದು, ಅದು ನೀರಿನ ಬಕೆಟ್ಟಿನ ಬಳಿಯೇ ಠಿಕಾಣಿ ಹೂಡಿದರೆ, ತಿಂದೂ ತಿಂದೂ ಬಡವಾದರೆ, ಹಿಮ್ಮಡಿ ಊರಿ ನಡೆದರೆ, ದೃಷ್ಟಿ ತೆಗೆದು ಸುಮ್ಮನಾಗಬೇಡಿ, ಪಶುವೈದ್ಯರಿಗೆ ತೋರಿಸಿ. ದಾರಿಯಲ್ಲಿ ಮನುಷ್ಯರ ಲ್ಯಾಬ್ ಕಂಡರೆ, ಬಂದ ಖರ್ಚಿಗೆ, ನಿಮ್ಮದನ್ನೂ ಒಮ್ಮೆ ನೋಡಿಸಿಬಿಡಿ.