ಎಣಿಸ್ತಾ ಇದೀನಿ, ಸುಮ್ನಿರಿ

ಬಸುರಿ ಹೆಂಗಸಿಗೆ ಬುದ್ಧಿ ಹೇಳೋಕೆ ಯಾರ ಅಪ್ಪಣೆಯೂ ಬೇಕಿಲ್ಲ. ಪರಂಗಿಹಣ್ಣು ಮುಟ್ಟಬೇಡ ಅಂತ ಅತ್ತೆ, ಅಂಗಾತ ಮಲಗಬೇಡ ಅಂತ ನಾದಿನಿ, ಕಾಲು ಇಳಿಬಿಟ್ಟು ಕೂರಬೇಡ ಅಂತ ಒಬ್ಬರು, ಮಡಚಿ ಕೂರಬೇಡ ಅಂತ ಇನ್ನೊಬ್ಬರು. ಕೊನೆಗೆ ಕೂರುವುದಾದರೂ ಹೇಗೆ ಅಂತ ಕೇಳಿದರೆ, "ನಮ್ಮ ಕಾಲದಲ್ಲಿ ಕೂತೇ ಇರಲಿಲ್ಲ" ಅನ್ನುವ ಮೂರನೆಯವರು ಎಲ್ಲಿಂದಲೋ ಪ್ರತ್ಯಕ್ಷ. ಇವರೆಲ್ಲರ ಬಾಯಿಗೂ ಒಟ್ಟಿಗೇ ಬೀಗ ಹಾಕುವ ಉಪಾಯ ನಮ್ಮ ಅಕ್ಕನ ಮಗಳಿಗೆ ಸಿಕ್ಕಿದೆ. ಕ್ರೋಷಾ!

ಸೀಮಂತ ಮುಗಿಸಿಕೊಂಡು ತವರಿಗೆ ಬಂದವಳೇ ಮೊಬೈಲನ್ನು ಸ್ಟೀಲ್ ಲೋಟಕ್ಕೆ ಒರಗಿಸಿ, ಯೂಟ್ಯೂಬ್ ಹಾಕಿಕೊಂಡು ಕಡ್ಡಿ ಹಿಡಿದಳು. ಮೊದಮೊದಲು ದಾರವೆಲ್ಲ ಹಸಿರು ಗಾಜಿನ ಬಳೆಗಳ ಸಂದಿಗೇ ಸಿಕ್ಕಿಕೊಳ್ಳುತ್ತಿತ್ತು. ಈಗ ಬಳೆಗಳನ್ನು ಮೊಣಕೈ ಕಡೆಗೆ ತಳ್ಳಿ, ಮೇಲೊಂದು ರಬ್ಬರ್ ಬ್ಯಾಂಡ್ ಹಾಕಿಕೊಂಡಿದ್ದಾಳೆ. ಯಾರಾದರೂ ಬುದ್ಧಿವಾದಕ್ಕೆ ಗಂಟಲು ಸರಿಮಾಡಿಕೊಂಡರೆ ಸಾಕು, "ಹದಿನೇಳು, ಹದಿನೆಂಟು... ಎಣಿಸ್ತಾ ಇದೀನಿ, ಸುಮ್ನಿರಿ!" ಎಂಥ ಹಿರಿಯರೂ ಗಪ್‌ಚುಪ್. ಬಸುರಿಯ ಲೆಕ್ಕ ತಪ್ಪಿಸಿದ ಪಾಪ ಯಾರಿಗೆ ಬೇಕು? ವಿಡಿಯೋ ಕಾಲ್ ಮಾಡಿದ ಅತ್ತೆಯವರಿಗೂ ಅದೇ ಉತ್ತರ. ಅವರು ಸೊಸೆಯ ಬೈತಲೆಯನ್ನೇ ಕಣ್ತುಂಬ ನೋಡಿ ಫೋನ್ ಇಟ್ಟರು.

ಎಣಿಸೋದು ಬರೀ ನಾಟಕ ಅಂತಲೂ ಅಲ್ಲ. ಟೋಪಿ ಶುರುವಾಗೋದು ನೆತ್ತಿಯಿಂದ. ದಾರದ ಒಂದು ಪುಟ್ಟ ಕುಣಿಕೆ, ಅದರ ಸುತ್ತ ಒಂದಷ್ಟು ಹೆಣಿಗೆ, ಆಮೇಲೆ ಸುತ್ತುಸುತ್ತಿಗೂ ಇಷ್ಟಿಷ್ಟೇ ಅಂತ ಹೆಚ್ಚಿಸುತ್ತಾ ಹೋಗಬೇಕು. ಹೆಚ್ಚಿಸೋದು ಮರೆತರೆ ಬೇಗ ಮುಚ್ಚಿಕೊಂಡು ನಿಂಬೆಹಣ್ಣಿಗೆ ಮಾತ್ರ ಸಾಕಾಗುತ್ತೆ. ಜಾಸ್ತಿ ಹೆಚ್ಚಿಸಿದರೆ ಅಂಚೆಲ್ಲ ನಿರಿಗೆ ನಿರಿಗೆ. ಬಿಲ್ಲೆ ಒಂದು 10–11 ಸೆಂ.ಮೀ. ಅಗಲವಾದಾಗ ಹೆಚ್ಚಿಸೋದು ನಿಲ್ಲಿಸಿ ಕೆಳಕ್ಕಿಳಿಯಬೇಕು. ಆಗತಾನೇ ಹುಟ್ಟಿದ ಮಗುವಿನ ತಲೆ ಸುತ್ತಳತೆ ಸುಮಾರು 34–35 ಸೆಂ.ಮೀ. ಇರುತ್ತಂತೆ. ಆದರೆ ಹಾಕಿ ನೋಡೋಣ ಅಂದರೆ ತಲೆ ಇನ್ನೂ ಒಳಗಿದೆಯಲ್ಲ!

ನಮ್ಮಮ್ಮ ಅಡಿಗೆಮನೆಯಿಂದ ಒಂದು ಸುಲಿದ ತೆಂಗಿನಕಾಯಿ ತಂದಿಟ್ಟಳು. ಟೇಪು ಸುತ್ತಿದರೆ ಹೆಚ್ಚುಕಮ್ಮಿ ಅದೇ ಅಳತೆ. ಈಗ ನಮ್ಮ ಹಾಲಿನ ಟೀಪಾಯಿ ಮೇಲೆ, ಜುಟ್ಟು ಕಿತ್ತ ಕಾಯಿಯೊಂದು ಹಳದಿ ಟೋಪಿ ಹಾಕಿಕೊಂಡು ಮೂರೂ ಕಣ್ಣು ಬಿಟ್ಟುಕೊಂಡು ಕೂತಿದೆ. "ಕಣ್ಣು ನಮ್ಮ ಕಡೆಯವರದಲ್ಲಪ್ಪ, ನಿಮ್ಮ ತಂದೆಯವರದೇ" ಅಂದೆ. ಅಳಿಯಂದಿರು ನಗಲಿಲ್ಲ. ಆ ಕಾಯಿ ಒಡೆದು ಚಟ್ನಿಗೆ ಹಾಕಲು ಮಾತ್ರ ಮನೆಯಲ್ಲಿ ಯಾರಿಗೂ ಕೈ ಬರುತ್ತಿಲ್ಲ, ಅಂಗಡಿಯಿಂದ ಬೇರೆ ತರಿಸುತ್ತಿದ್ದೇವೆ.

ಹಳದಿಯೇ ಯಾಕೆ ಅಂದಿರಾ? ಅಮೆರಿಕದಲ್ಲಿರುವ ಇವಳ ಗೆಳತಿಯರಿಗೆ ಅರ್ಧ ದಾರಿಯಲ್ಲೇ ಗಂಡೋ ಹೆಣ್ಣೋ ಗೊತ್ತಾಗಿ, ನೀಲಿಯೋ ಗುಲಾಬಿಯೋ ಉಂಡೆ ಉಂಡೆ ತಂದು ಗುಡ್ಡೆ ಹಾಕಿಕೊಳ್ಳುತ್ತಾರೆ. ನಮ್ಮಲ್ಲಿ 1994ರ ಕಾಯ್ದೆ ಬಂದಮೇಲೆ ಸ್ಕ್ಯಾನ್ ಮಾಡುವವರು ತುಟಿ ಬಿಚ್ಚುವ ಹಾಗಿಲ್ಲ. ಒಳ್ಳೇದೇ ಆಯಿತು ಬಿಡಿ. ಆದರೆ ಆ ಕಾಯ್ದೆ ನಮ್ಮ ಹೂವಿನವಳಿಗೆ ತಲುಪಿದ ಹಾಗಿಲ್ಲ. ಮೊಳ ಹಾಕುತ್ತಲೇ ಹೊಟ್ಟೆ ನೋಡಿ, "ಗಂಡೇ ಕಣಮ್ಮ" ಅಂತ ತೀರ್ಪು ಕೊಟ್ಟಳು. ಮಾರನೇ ದಿನ ನಡಿಗೆ ನೋಡಿ ತೀರ್ಪು ಬದಲಿಸಿದಳು. ಹಾಗಾಗಿ ಹಳದಿ, ತಿಳಿಹಸಿರು, ಬಿಳಿ. ಉಲ್ಲನ್ ಅಂಗಡಿಯವನಂತೂ ನಾವು ಮೆಟ್ಟಿಲು ಹತ್ತುವಾಗಲೇ ಹಳದಿ ಡಬ್ಬ ಇಳಿಸುತ್ತಾನೆ.

ಈ ಮಧ್ಯೆ ಅಕ್ಕ ಒಂದು ತಕರಾರು ತೆಗೆದಳು. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅಂತ ಊರೆಲ್ಲ ಆಡಿಕೊಳ್ಳೋದು ಇಂಥದ್ದನ್ನೇ ಅಲ್ಲವೇ? ನಮ್ಮ ಕಡೆ ಹುಟ್ಟಿದ ಮಗುವಿಗೆ ಮೊದಲು ಹಾಸಿ ಹೊದಿಸೋದು ಒಗೆದು ಒಗೆದು ಮೆತ್ತಗಾದ ಹಳೇ ಪಂಚೆ, ಹಳೇ ಸೀರೆ, ಹೊಸದೆಲ್ಲ ಆಮೇಲೆ. ಅಮ್ಮ ಸ್ವಲ್ಪ ಹೊತ್ತು ಯೋಚಿಸಿದಳು. ಒಂದು ಕಾಲದಲ್ಲಿ ಟೀವಿಗೆ, ರೇಡಿಯೋಗೆ, ತಾಂಬೂಲದ ತಟ್ಟೆಗೆ, ಕೊನೆಗೆ ಫ್ರಿಜ್ಜಿನ ಹಿಡಿಗೂ ಕ್ರೋಷಾ ಅಂಗಿ ತೊಡಿಸಿದ ಹೆಂಗಸು ಅವಳು. "ಕುಲಾವಿಗೆ ಗಲ್ಲದ ಕೆಳಗೆ ಕಟ್ಟೋ ದಾರ ಇರಬೇಕು. ದಾರ ಇಲ್ಲದ್ದು ಕುಲಾವಿಯೇ ಅಲ್ಲ, ಬರೀ ಟೋಪಿ. ದಾರ ಮಗು ಬಂದಮೇಲೆ ಹಾಕು." ಸುಪ್ರೀಂ ಕೋರ್ಟಿಗೆ ಹೋದರೂ ನಿಲ್ಲುವ ವಾದ!

ಡಾಕ್ಟರು ಹೇಳಿರುವುದು ಏಪ್ರಿಲ್. ಆ ಧಗೆಗೆ ಟೋಪಿಯೇ ಅಂತ ಕೇಳುವವರು ನಮ್ಮ ಕಡೆಯ ಬಾಣಂತಿ ಕೋಣೆ ಕಂಡವರಲ್ಲ. ಕಿಟಕಿ ಮುಚ್ಚಿ, ಕೆಂಡಕ್ಕೆ ಸಾಂಬ್ರಾಣಿ ಉದುರಿಸಿ, ಮಗುವಿನ ಕಿವಿಗೆ ಗಾಳಿ ಸೋಕದ ಹಾಗೆ ಕಟ್ಟುವವರಿಗೆ ಏಪ್ರಿಲ್ಲೂ ಒಂದೇ ಡಿಸೆಂಬರೂ ಒಂದೇ. ಉಲ್ಲನ್ ಚುಚ್ಚುತ್ತೆ ಅಂತ ನಾನೇ ಹಟ ಹಿಡಿದು ಕಾಟನ್ ದಾರಕ್ಕೆ ಬದಲಾಯಿಸಿದೆ, ಅಷ್ಟೇ. ಟೋಪಿಗಿಂತ ದೊಡ್ಡ ಸಮಸ್ಯೆ ಹೊದಿಕೆಯದು. ವರ್ಷ ತುಂಬುವವರೆಗೆ ಮಲಗಿದ ಮಗುವಿನ ಮೇಲೆ ಸಡಿಲ ಹೊದಿಕೆ ಬೇಡ ಅನ್ನುತ್ತಾರೆ ಮಕ್ಕಳ ಡಾಕ್ಟರು. ಇವಳೋ ಮಂಚದಗಲ ಹೆಣೆಯುತ್ತಾ ಕೂತಿದ್ದಾಳೆ. ಇದು ಯಾರಿಗೆ ಅಂದರೆ ಉತ್ತರ ನಿಮಗೆ ಗೊತ್ತೇ ಇದೆ: ಎಣಿಸ್ತಾ ಇದೀನಿ.

ಶನಿವಾರ ಶನಿವಾರ ಬರುವ ಅಳಿಯಂದಿರಿಗೆ ಕಾಫಿಗಿಂತ ಮುಂಚೆ ಕೆಲಸ ಕಾದಿರುತ್ತೆ. ಎರಡೂ ಕೈ ಮುಂದೆ ಚಾಚಿ ದಾರದ ಲಡಿ ಹಿಡಿದು ಕೂರಬೇಕು, ಇವಳು ಉಂಡೆ ಸುತ್ತುತ್ತಾಳೆ. ಮೂಗು ತುರಿಸಿದರೂ ತಡೆದುಕೊಳ್ಳಬೇಕು. ಮೊನ್ನೆ ಇವಳು ಲಡಿ ಹಿಡಿದು ಎಷ್ಟು ಕೂಗಿದರೂ ಆಸಾಮಿ ಏಳಲೇ ಇಲ್ಲ. ಮೂಲೆಯಲ್ಲಿ ಕೂತು ಉಲ್ಲನ್ ಅಂಗಡಿಯ ಬಿಲ್ಲುಗಳನ್ನು ಒಂದೊಂದಾಗಿ ಬಿಡಿಸುತ್ತಾ, ತಲೆ ಎತ್ತದೆ ಹೇಳಿದರು: "ಎಣಿಸ್ತಾ ಇದೀನಿ, ಸುಮ್ನಿರು."